ಬ್ಯಾಲೆನ್ಸ್ ಗುಂಡಿ ನಡುವಿಗೆ ಬಂದ ಬಗೆ

ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿ ಆಂಪ್ಲಿಫೈಯರ್ ಇರುವ ಕಪಾಟು ಎಡಗೋಡೆಗೆ ಅಂಟಿಕೊಂಡಿದೆ. ಎಡ ಸ್ಪೀಕರಿಗೆ 2 ಮೀಟರ್ ತಂತಿ ಸಾಕು. ಬಲ ಸ್ಪೀಕರಿನ ತಂತಿ ಮಾತ್ರ ಬಾಗಿಲಿನ ಚೌಕಟ್ಟನ್ನು ಸುತ್ತಿಕೊಂಡು 7 ಮೀಟರ್ ಹೋಗಬೇಕು. ಹಾಡುವವರು ಎರಡು ಸ್ಪೀಕರುಗಳ ನಟ್ಟನಡುವೆ ಕುಳಿತಂತೆ ಕೇಳಿಸಬೇಕೆಂದರೆ ಎಡ, ಬಲ ಸ್ಪೀಕರುಗಳ ದನಿಯನ್ನು ಸರಿದೂಗಿಸುವ ಬ್ಯಾಲೆನ್ಸ್ ಗುಂಡಿಯನ್ನು ತುಸು ಬಲಕ್ಕೆ ತಿರುಗಿಸಿಡಬೇಕಾಗುತ್ತಿತ್ತು. ಅದನ್ನು ನಾನು ಕೋಣೆಯ ದೋಷವೆಂದೇ ಬಗೆದಿದ್ದೆ; ವಯಸ್ಸು ಐವತ್ತು ದಾಟಿದ ಮೇಲೆ ನನ್ನ ಬಲಗಿವಿಯ ಮೇಲೂ ಸಂಶಯ ಬಂದಿತ್ತು. ತಂತಿಯನ್ನು ಅನುಮಾನಿಸಿದ್ದು ಎಲ್ಲಕ್ಕಿಂತ ಕೊನೆಗೆ.

ಆ ತಂತಿ ಹಳೆಯ ಹೋಂ ಥಿಯೇಟರ್ ಪೆಟ್ಟಿಗೆಯೊಂದರ ಜೊತೆಗೆ ಬಂದಿದ್ದು, ಅರ್ಧ ಚದರ ಮಿಲಿಮೀಟರಿನಷ್ಟು ತೆಳುವಾದದ್ದು. ಬಾಗಿಲಿನ ಬಳಿ ಉದ್ದ ಸಾಲದೆ ಎರಡು ತುಂಡುಗಳನ್ನು ಹೆಣೆದು ಟೇಪ್ ಸುತ್ತಿದ್ದೆ. ತಂತಿಯ ರೋಧವನ್ನು, ಎಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನು, ಅಳೆಯಲು ಮಲ್ಟಿಮೀಟರನ್ನು ಓಮ್ ಸ್ಥಾನದಲ್ಲಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಒಂದು ಓಮ್‌ನ ಆಸುಪಾಸಿನ ರೋಧವನ್ನು ಅಳೆಯುವಾಗ ಮೀಟರಿನ ಸ್ವಂತ ತಂತಿಗಳ ರೋಧವೂ ಅದರಲ್ಲಿ ಸೇರಿಕೊಂಡು ಲೆಕ್ಕ ಕೆಡುತ್ತದೆ. ಬದಲಾಗಿ 50 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಸಣ್ಣ ದನಿಯಲ್ಲಿ ನುಡಿಸಿ, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಷ್ಟು ಎಸಿ ವೋಲ್ಟೇಜ್ ಇದೆ, ಸ್ಪೀಕರಿನ ಹಿಂಬದಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದೆ. ಅಗ್ಗದ ಮೀಟರುಗಳು ಕೂಡ ಮನೆಯ ವಿದ್ಯುತ್ತಿನ ಈ ಆವರ್ತನದಲ್ಲಿ ನಂಬಿಗಸ್ತವಾಗಿ ಅಳೆಯುತ್ತವೆ. ಆಂಪ್ಲಿಫೈಯರಿನಲ್ಲಿ 2.00 ವೋಲ್ಟ್ ಇದ್ದಾಗ ಎಡ ಸ್ಪೀಕರಿನಲ್ಲಿ 1.94 ಸಿಕ್ಕಿತು, ಬಲ ಸ್ಪೀಕರಿನಲ್ಲಿ 1.70. ಎರಡರ ಅಂತರ ಒಂದು ಡೆಸಿಬೆಲ್‌ಗೂ ತುಸು ಹೆಚ್ಚು. ನನ್ನ ಕಿವಿ ಸರಿಯಾಗಿಯೇ ಇತ್ತು.

8 ಓಮ್‌ನ ಸ್ಪೀಕರಿಗೆ ಈ ಲೆಕ್ಕವನ್ನು ಹಚ್ಚಿದರೆ ಬಲಗಡೆಯ ತಂತಿಯ ರೋಧ ಸುಮಾರು 1.4 ಓಮ್ ಆಗುತ್ತದೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ 0.039 ಓಮ್ ರೋಧವಿರುತ್ತದೆ. ಹೋಗಿಬರುವ 14 ಮೀಟರಿಗೆ 0.55 ಓಮ್ ಆಗಬೇಕಿತ್ತು. ಉಳಿದದ್ದು ಎಲ್ಲಿಂದ ಬಂತೆಂದು ನೋಡಲು ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಕೆಂಬಣ್ಣದ ಕೆಳಗೆ ಬಿಳಿಯ ಲೋಹ ಕಾಣಿಸಿತು. ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪವಿದ್ದ ತಂತಿ. ಅಲ್ಯೂಮಿನಿಯಂ ವಿದ್ಯುತ್ತನ್ನು ತಾಮ್ರದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ ಸಲೀಸಾಗಿ ಒಯ್ಯುತ್ತದೆ. ಅದರ ಜೊತೆಗೆ ನಾನೇ ಹೆಣೆದಿದ್ದ ಜೋಡಣೆ ಟೇಪಿನೊಳಗೆ ಬೂದುಬಣ್ಣಕ್ಕೆ ತಿರುಗಿತ್ತು.

ಸ್ಪೀಕರಿನ ರೋಧ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಪೆಟ್ಟಿಗೆಯ ಮೇಲೆ 8 ಓಮ್ ಎಂದು ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 5ಕ್ಕೆ ಇಳಿದು ಕೆಲವೆಡೆ 20ಕ್ಕೂ ಏರುತ್ತದೆ. ಆದ್ದರಿಂದ ತಂತಿಯ ರೋಧ ಹೆಚ್ಚಾದಾಗ ದನಿ ಒಟ್ಟಾರೆ ಕುಗ್ಗುವುದಷ್ಟೇ ಅಲ್ಲ, ರೋಧ ಇಳಿದಿರುವ ಸ್ವರಗಳು ಹೆಚ್ಚು ಕುಗ್ಗಿ ನಾದದ ಬಣ್ಣವೇ ಬದಲಾಗುತ್ತದೆ. ಈ ಕಾರಣಕ್ಕಾಗಿಯೇ ತಂತಿಯ ರೋಧ ಸ್ಪೀಕರಿನ ರೋಧದ ಶೇ. 5ನ್ನು ಮೀರಬಾರದೆಂಬ ರೂಢಿಯ ಲೆಕ್ಕವಿದೆ. ನಮ್ಮ ಮನೆಯಲ್ಲಿ ಅದು ಶೇ. 17ನ್ನು ಮುಟ್ಟಿತ್ತು.

ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮನೆಯ ವೈರಿಂಗಿಗೆ ಬಳಸುವ, ಅಂಗಡಿಯವರು ‘ಎರಡೂವರೆ ಎಂ.ಎಂ.’ ಎಂದು ಕರೆಯುವ 2.5 ಚದರ ಮಿಲಿಮೀಟರಿನ ಬಹು ಎಳೆಗಳ ತಾಮ್ರದ ತಂತಿಯನ್ನು ಕೆಂಪು, ಕಪ್ಪು ತಲಾ 10 ಮೀಟರಿನಂತೆ ಕೊಂಡೆ. “ಸರ್, ಎರಡು ಕಡೆಗೂ ಒಂದೇ ಉದ್ದ ಹಾಕಿ, ಇಲ್ಲದಿದ್ದರೆ ಸೌಂಡ್ ಮುಂದೆ ಹಿಂದೆ ಬರುತ್ತೆ” ಎಂದು ಅಂಗಡಿಯವರು ಎಚ್ಚರಿಸಿದರು. ತಂತಿಯಲ್ಲಿ ಸಂಕೇತ ಓಡುವ ವೇಗಕ್ಕೆ 5 ಮೀಟರಿನ ವ್ಯತ್ಯಾಸ ಲೆಕ್ಕಕ್ಕೇ ಬಾರದು. ರೋಧದ ವ್ಯತ್ಯಾಸವೂ ಈ ದಪ್ಪದಲ್ಲಿ ಒಂದು ಡೆಸಿಬೆಲ್‌ನ ಹತ್ತನೇ ಒಂದಂಶವನ್ನು ಮುಟ್ಟುವುದಿಲ್ಲ. ಹಾಗಾಗಿ ಅಗತ್ಯವಿದ್ದಷ್ಟೇ ಕತ್ತರಿಸಿದೆ.

ಕೆಂಪು, ಕಪ್ಪು ತಂತಿಗಳನ್ನು ಜಡೆಯಂತೆ ಸಡಿಲವಾಗಿ ಹೆಣೆದು, ಗೋಡೆಯಂಚಿನ ಪಿವಿಸಿ ಪಟ್ಟಿಯೊಳಗೆ ಹಾಯಿಸಿ, ತುದಿಗಳಿಗೆ ಸ್ಕ್ರೂ ಇರುವ ಬನಾನಾ ಪ್ಲಗ್‌ಗಳನ್ನು ಹಾಕಿದೆ. ಆಂಪ್ಲಿಫೈಯರಿನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಟ್ಟು ಈ ಕೆಲಸ ಮಾಡಬೇಕು. ಕೂದಲಿನಂಥ ಒಂದು ಎಳೆ ಕೆಂಪು, ಕಪ್ಪು ತಿರುಪುಗಳ ನಡುವೆ ತಗಲಿದರೂ ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಡಬಹುದು. ಮತ್ತೆ ಅಳೆದಾಗ ಎಡಗಡೆ 1.99, ಬಲಗಡೆ 1.97. ಬ್ಯಾಲೆನ್ಸ್ ಗುಂಡಿಯನ್ನು ನಡುವಿಗೆ ತಂದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯೊಂದನ್ನು ಹಾಕಿದಾಗ ಅವರು ನಡುವೆಯೇ ಕುಳಿತಿದ್ದರು.

ಇದನ್ನು ಕೇಳಿದ ಗೆಳೆಯರೊಬ್ಬರು, ಅಸಲು ಸುಧಾರಣೆ ಇನ್ನೂ ಬಾಕಿಯಿದೆ ಎಂದು ಹೇಳಿ, ನನ್ನ ಆಂಪ್ಲಿಫೈಯರಿಗಿಂತ ಹೆಚ್ಚು ಬೆಲೆಯ ಸ್ಪೀಕರ್ ಕೇಬಲ್ಲುಗಳನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. ಮೊದಲ ದಿನ ನನಗೆ ತಂಬೂರಿ ಇನ್ನಷ್ಟು ತೆರೆದುಕೊಂಡಂತೆ ಕೇಳಿಸಿತೆಂಬುದನ್ನು ಒಪ್ಪಿಕೊಳ್ಳಬೇಕು. ಭಾನುವಾರ ಮಗಳನ್ನು ಕಪಾಟಿನ ಬಳಿ ನಿಲ್ಲಿಸಿ, ನಾಣ್ಯ ಚಿಮ್ಮಿ ಅದು ಹೇಳಿದ ತಂತಿಯನ್ನು ಸಿಕ್ಕಿಸುವಂತೆಯೂ ಪುಸ್ತಕದಲ್ಲಿ ಗುರುತು ಹಾಕುವಂತೆಯೂ ಹೇಳಿ ನಾನು ಬೆನ್ನು ತಿರುಗಿಸಿ ಕುಳಿತೆ. 16 ಸಲ ಕೇಳಿ 9 ಸಲ ಸರಿಯಾಗಿ ಹೇಳಿದೆ. ನಾಣ್ಯವನ್ನೇ ಕೇಳಿದ್ದರೂ 8ರ ಆಸುಪಾಸಿನಲ್ಲಿ ಬರುತ್ತಿತ್ತು. ಕೇಬಲ್ಲುಗಳನ್ನು ವಂದನೆಗಳೊಂದಿಗೆ ಹಿಂದಿರುಗಿಸಿದೆ.

ಆದರೆ ಎಲ್ಲ ತಂತಿಗಳೂ ಒಂದೇ ಎಂಬ ತೀರ್ಮಾನಕ್ಕೆ ಅವಸರದಲ್ಲಿ ಬಂದು ನಾನು ಪೆಟ್ಟು ತಿಂದದ್ದು ಎಲ್‌ಪಿ ನುಡಿಸುವ ಟರ್ನ್‌ಟೇಬಲ್ ವಿಷಯದಲ್ಲಿ. ಅದನ್ನು ಸ್ಪೀಕರಿನಿಂದ ದೂರವಿಡಲು ಆಂಪ್ಲಿಫೈಯರಿಗೆ ಜೋಡಿಸುವ ಹಳೆಯ ಗಿಡ್ಡ ಆರ್‌ಸಿಎ ಕೇಬಲ್ಲನ್ನು ತೆಗೆದು 3 ಮೀಟರಿನ ಸಾಧಾರಣ ಕೇಬಲ್ ಹಾಕಿದೆ. ವೀಣೆ ದೊರೆಸ್ವಾಮಿ ಅಯ್ಯಂಗಾರರ ತಂಪಾದ ಮೀಟು ಉಗುರಿನಿಂದ ಗೀರಿದಂತೆ ಕೇಳತೊಡಗಿತು. ಹಾಡುಗಳಲ್ಲಿ ‘ಸ’ಕಾರಗಳು ಸಿಡಿಯುತ್ತಿದ್ದವು. ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನೊಳಗಿನ ಸುರುಳಿಯೂ ಕೇಬಲ್ಲಿನ ಕೆಪಾಸಿಟೆನ್ಸೂ (ವಿದ್ಯುತ್ತನ್ನು ತುಸು ಹಿಡಿದಿಟ್ಟುಕೊಳ್ಳುವ ಗುಣ) ಸೇರಿ ಒಂದು ಅನುರಣನವನ್ನು, ಎಂದರೆ ಒಂದು ಆವರ್ತನದ ಸುತ್ತ ದನಿಯ ಉಬ್ಬನ್ನು, ಉಂಟುಮಾಡುತ್ತವೆ. ನಾನು ಹಾಕಿದ ಕೇಬಲ್ಲಿನ ಕೆಪಾಸಿಟೆನ್ಸ್ 450 ಪಿಕೋಫ್ಯಾರಡ್ ಇತ್ತು. ಅದು ಆ ಅನುರಣನವನ್ನು ಕಿವಿಗೆ ಅಷ್ಟಾಗಿ ತಾಕದ ಎತ್ತರದಿಂದ 10,000 ಹರ್ಟ್ಸ್‌ನ ಸುತ್ತಿಗೆ ಎಳೆದು ತಂದಿತ್ತು. ಕಾರ್ಟ್ರಿಜ್ಜಿನ ತಯಾರಕರು ಹೇಳಿದ್ದು 100ರಿಂದ 200 ಪಿಕೋಫ್ಯಾರಡ್ ಮಾತ್ರ. ಟರ್ನ್‌ಟೇಬಲ್ ಮತ್ತೆ ಹಳೆಯ ಜಾಗಕ್ಕೇ ಬಂತು. ಹಳೆಯ ಕೇಬಲ್ಲಿನ ಒಂದು ಪ್ಲಗ್ಗಿನಲ್ಲಿ ಒಳತಂತಿಯ ಸುತ್ತಲಿನ ಲೋಹದ ಕವಚದ ಬೆಸುಗೆ ಬಿಟ್ಟುಹೋಗಿ ತಂಬೂರಿಯ ಜೊತೆಗೆ ಇನ್ನೊಂದು ಶ್ರುತಿಯಂತೆ ಗುಂಯ್ ಎನ್ನುತ್ತಿದ್ದುದನ್ನು ಅದೇ ಸಂಜೆ ಸರಿಪಡಿಸಿದೆ.

ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಅಳೆದಾಗ ಬಲ ಸ್ಪೀಕರಿನಲ್ಲಿ 1.97 ಇದ್ದದ್ದು 1.92 ಆಗಿತ್ತು. ಎಳೆಗಳು ಕೆದರದಿರಲೆಂದು ನಾನು ಆ ಒಂದು ತುದಿಗೆ ಮಾತ್ರ ಸೋಲ್ಡರ್ ಸವರಿದ್ದೆ. ಸೋಲ್ಡರ್ ಮೆತುವಾದ ಲೋಹವಾದ್ದರಿಂದ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಸರಿದು ಹಿಡಿತ ಸಡಿಲವಾಗಿತ್ತು. ತುದಿಯನ್ನು ಕತ್ತರಿಸಿ ಬರಿಯ ತಾಮ್ರವನ್ನೇ ಬಿಗಿದ ಮೇಲೆ ಮೀಟರು ಮತ್ತೆ 1.97 ತೋರಿಸುತ್ತಿದೆ.