‘ಜೋಜು ದೆಸ್ ನೆ’ ಅಂದಾಗ ಏನು ಹೇಳಬೇಕು? ಜಪಾನಿಗೆ ಹೊರಟವರಿಗೆ

ಮಂಗಳೂರಿನ ಕದ್ರಿಯಲ್ಲಿ ನಾನು ಸಂಜೆ ಹೊತ್ತು ಜಪಾನೀಸ್ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ದೇರಳಕಟ್ಟೆ ಕಡೆ ನರ್ಸಿಂಗ್ ಓದಿದವರು, ಮತ್ತೆ ಕೆಲವು ಎಂಜಿನಿಯರುಗಳು. ಎಲ್ಲರ ಕಣ್ಣೂ ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆಯ ಮೇಲೆ. ಆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ ಯಾವ ಹಂತದಲ್ಲೂ ಮಾತಾಡಿಸಿ ನೋಡುವುದಿಲ್ಲ. ಓದಬೇಕು, ಕೇಳಬೇಕು, ಸರಿ ಉತ್ತರಕ್ಕೆ ಗುರುತು ಹಾಕಬೇಕು, ಅಷ್ಟೇ. ಹಾಗಾಗಿ ಎನ್4 ಪಾಸಾಗಿ ವಿಮಾನ ಹತ್ತಿದವರಿಗೂ ಒಂದು ವಿಷಯದ ಅಂದಾಜು ಇರುವುದಿಲ್ಲ: ನಾವು ಬಾಯಿ ತೆರೆದಾಗ ಎದುರಿಗಿರುವ ಜಪಾನಿನವರು ಹೇಗೆ ನಡೆದುಕೊಳ್ಳುತ್ತಾರೆ? ನಾಗೋಯಾದಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಗುವುದು ಹೊಗಳಿಕೆ. ನೀವು ‘ಕೊನ್ನಿಚಿವ’, ನಮಸ್ಕಾರ ಅಂತ ಒಂದು ಮಾತು ಆಡಿದರೆ ಸಾಕು, ‘ನಿಹೊಂಗೊ ಜೋಜು ದೆಸ್ ನೆ’ ಅನ್ನುತ್ತಾರೆ. ನಿಮ್ಮ ಜಪಾನೀಸ್ ಚೆನ್ನಾಗಿದೆ ಅಂತ. ಚಾಪ್‌ಸ್ಟಿಕ್ ಹಿಡಿದರೂ ಜೋಜು, ಎರಡು ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಓದಿದರೂ ಜೋಜು. ಇದನ್ನು ಗೇಲಿ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಭಾಷೆ ಬರದವರಿಗೇ ಹಾಗೆ ಹೇಳುವುದು, ಅದು ಸುಮ್ನೆ ಬಾಯಿಮಾತು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಊರಲ್ಲೇ ನೋಡಿ. ಬಿಹಾರದಿಂದ ಬಂದ ಹುಡುಗ ಮೀನು ಮಾರ್ಕೆಟಿನಲ್ಲಿ ತುಳುವಿನಲ್ಲಿ ‘ಎಂಚ ಉಲ್ಲರ್?’, ಹೇಗಿದ್ದೀರಿ ಅಂದರೆ ಮೀನಿನ ಅಕ್ಕನ ಮುಖ ಅರಳುತ್ತದೆ. ‘ತುಳು ಬರ್ಪುಂಡಾ!’, ತುಳು ಬರುತ್ತದಾ ಅಂತ ಪಕ್ಕದವರನ್ನೂ ಕರೆಯುತ್ತಾರೆ. ರೇಟು ಹೇಳುವಾಗ ಮಾತ್ರ ಹಿಂದಿಗೆ ಬರುತ್ತಾರೆ. ಆ ಅಕ್ಕ ಅವನ ತುಳುವಿಗೆ ಮಾರ್ಕು ಕೊಟ್ಟದ್ದಲ್ಲ, ಅವಮಾನ ಮಾಡಿದ್ದೂ ಅಲ್ಲ. ನಮ್ಮ ಮಾತನ್ನು ಹೊರಗಿನವನೊಬ್ಬ ಕಲಿತನಲ್ವಾ ಅನ್ನುವ ಖುಷಿ ಅದು. ಜೋಜು ಕೂಡ ಅದೇ ಖುಷಿ, ಸ್ವಲ್ಪ ಶಿಸ್ತಿನ ರೂಪದಲ್ಲಿ.

ಅದಕ್ಕೆ ಉತ್ತರ ಹೇಗೆ? ಪುಸ್ತಕದಲ್ಲಿರುವ ಉತ್ತರ ‘ಈಯೆ, ಮದಮದ ದೆಸ್’. ಇಲ್ಲ ಇಲ್ಲ, ಇನ್ನೂ ಬಹಳ ಕಲಿಯಲಿಕ್ಕಿದೆ ಅಂತ. ತಪ್ಪಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಮಾತು ಸತ್ತುಹೋಗುತ್ತದೆ. ‘ಅರಿಗತೋ ಗೊಜಯ್ಮಸ್’, ಧನ್ಯವಾದ ಅನ್ನಿ, ಹಿಂದೆಯೇ ಒಂದು ವಾಕ್ಯ ಸೇರಿಸಿ. ಎಲ್ಲಿ ಕಲಿತಿರಿ, ಯಾಕೆ ಬಂದಿರಿ, ಏನು ಕಷ್ಟ ಅನಿಸುತ್ತದೆ, ಯಾವುದಾದರೂ ಸರಿ. ‘ಕಾಂಜಿ ಗ ಮುಜುಕಶೀ ದೆಸ್’ ಅಂದರೆ, ಕಾಂಜಿ ಕಷ್ಟ ಅಂದರೆ, ಹೆಚ್ಚಿನವರು ನಗುತ್ತಾ ‘ನಮಗೂ ಕಷ್ಟ’ ಅನ್ನುತ್ತಾರೆ. ಈಗ ಇಬ್ಬರಿಗೂ ಮಾತಾಡಲಿಕ್ಕೆ ಒಂದು ವಿಷಯ ಸಿಕ್ಕಿತು.

ಎರಡನೆಯದು ಇಂಗ್ಲಿಷ್. ನೀವು ಜಪಾನೀಸ್‌ನಲ್ಲಿ ಕೇಳಿದರೂ ಕೆಲವರು ಮುಖ ನೋಡಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಇನ್ನು ಕೆಲವರು ಗಾಬರಿಯಾಗಿ ಕೈಯಾಡಿಸಿ ಇಂಗ್ಲಿಷ್ ಬರುವುದಿಲ್ಲ ಅನ್ನುತ್ತಾರೆ. ನೀವು ಆಡಿದ್ದು ಜಪಾನೀಸ್ ಅಂತ ಅವರ ಕಿವಿಗೆ ಬಿದ್ದೇ ಇರುವುದಿಲ್ಲ. ಜೊತೆಗೆ ಚೀನಾದ ಗೆಳತಿ ಇದ್ದರೆ ಪ್ರಶ್ನೆ ನೀವು ಕೇಳಿದರೂ ಉತ್ತರ ಅವಳಿಗೆ ಹೋಗುತ್ತದೆ. ಮನಸ್ಸಿಗೆ ಹತ್ತುವ ವಿಷಯವೇ ಇದು. ಆದರೆ ಸಿಟ್ಟು ಮಾಡಬೇಡಿ. ನೇರವಾಗಿ ಪ್ರಶ್ನೆಗೆ ಹೋಗುವ ಬದಲು ಮೊದಲು ‘ಸುಮಿಮಸೆನ್’, ಕ್ಷಮಿಸಿ ಅಂತ ನಿಧಾನಕ್ಕೆ ಹೇಳಿ ಒಂದು ಕ್ಷಣ ನಿಲ್ಲಿ. ಅವರ ಕಿವಿ ಜಪಾನೀಸ್‌ಗೆ ತಯಾರಾಗಲಿ. ಆಮೇಲೆ ಕೇಳಿ. ಆಗಲೂ ಇಂಗ್ಲಿಷಿಗೆ ಹೋದರೆ ‘ನಿಹೊಂಗೊ ದೆ ದಯ್‌ಜೋಬು ದೆಸ್’ ಅಂದರೆ ಸಾಕು, ಜಪಾನೀಸ್‌ನಲ್ಲೇ ಹೇಳಿ ತೊಂದರೆಯಿಲ್ಲ ಅಂತ. ಮುಖದಲ್ಲಿ ನಗು ಇರಲಿ. ಅರ್ಥವಾಗದಿದ್ದರೆ ತಲೆ ಅಲ್ಲಾಡಿಸಿ ಬರಬೇಡಿ. ‘ಮೋ ಇಚಿದೊ ಒನೆಗಯ್‌ಶಿಮಸ್’ ಅಂತ ಇನ್ನೊಮ್ಮೆ ಹೇಳಿಸಿ. ಆಸ್ಪತ್ರೆ, ವೃದ್ಧಾಶ್ರಮದ ಕೆಲಸಕ್ಕೆ ಹೋಗುವವರು ಇದನ್ನು ನಿದ್ದೆಯಲ್ಲೂ ಹೇಳುವಷ್ಟು ರೂಢಿ ಮಾಡಿಕೊಳ್ಳಬೇಕು. ಅಲ್ಲಿ ಅರ್ಥವಾದಂತೆ ನಟಿಸಿದರೆ ರೋಗಿಗೆ ತೊಂದರೆ.

ಸರಕಾರಿ ಕಚೇರಿಗಳಲ್ಲಿ ಬೇರೆ ಅನುಭವ ಆಗಬಹುದು. 1995ರ ಜನವರಿಯಲ್ಲಿ ಕೋಬೆ ಭಾಗದಲ್ಲಿ ದೊಡ್ಡ ಭೂಕಂಪ ಆದಾಗ, ಎಚ್ಚರಿಕೆಯ ಮಾತು ಅಲ್ಲಿದ್ದ ಎಷ್ಟೋ ವಿದೇಶಿಯರಿಗೆ ತಿಳಿಯಲಿಲ್ಲ. ಅದಾದ ಮೇಲೆ ‘ಯಸಶೀ ನಿಹೊಂಗೊ’, ಸುಲಭ ಜಪಾನೀಸ್ ಅನ್ನುವ ಪದ್ಧತಿ ಬೆಳೆಯಿತು. ಚಿಕ್ಕ ವಾಕ್ಯ, ಸುಲಭ ಪದ, ನಿಧಾನ ಮಾತು. 2020ರಲ್ಲಿ ಸರಕಾರವೇ ಅದಕ್ಕೆ ಮಾರ್ಗಸೂಚಿ ತಂದಿತು. 2024ರ ಕೊನೆಗೆ ಜಪಾನಿನಲ್ಲಿ ನೆಲೆಸಿದ ವಿದೇಶಿಯರು 37 ಲಕ್ಷ ದಾಟಿದ್ದರು, ಹಾಗಾಗಿ ಇದರ ಅಗತ್ಯವೂ ಜಾಸ್ತಿಯಾಗಿದೆ. ಕೌಂಟರಿನಲ್ಲಿರುವವರು ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರೆ, ನಮ್ಮನ್ನು ದಡ್ಡರು ಅಂದುಕೊಂಡರಾ ಅಂತ ಬೇಸರ ಬೇಡ. ಅವರಿಗೆ ಹಾಗೆ ಮಾತಾಡಲು ಕಲಿಸಿರುತ್ತಾರೆ.

ಇನ್ನು ತಪ್ಪುಗಳ ವಿಷಯ. ಇದೇ ಎಲ್ಲಕ್ಕಿಂತ ಮುಖ್ಯ. ನೀವು ತಪ್ಪು ಮಾತಾಡಿದರೆ ಹೆಚ್ಚಿನವರು ತಿದ್ದುವುದಿಲ್ಲ. ಅರ್ಥವಾದರೆ ಸಾಕು, ಮುಂದೆ ಹೋಗುತ್ತಾರೆ. ಅರ್ಥವಾಗದಿದ್ದರೆ ತಲೆಯನ್ನು ಒಂದು ಬದಿಗೆ ವಾಲಿಸುತ್ತಾರೆ, ಅಥವಾ ‘ಎ?’ ಅನ್ನುತ್ತಾರೆ. ಅದನ್ನು ಗಮನಿಸಲು ಕಲಿಯಿರಿ. ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡಿ ಕಲಿತ ಹುಡುಗರು ‘ಒಮಯೆ’, ನೀನು ಅಂತ ಶುರುಮಾಡುತ್ತಾರೆ. ಕಾರ್ಟೂನಿನಲ್ಲಿ ಗೆಳೆಯರ ನಡುವೆ, ಜಗಳದಲ್ಲಿ ಅದು ನಡೆಯುತ್ತದೆ. ಆಫೀಸಿನಲ್ಲಿ ಹಿರಿಯರಿಗೆ ಹಾಗಂದರೆ ‘ಏನೋ, ನೀನು’ ಅಂದ ಹಾಗೆ. ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ನಗುತ್ತಾರೆ. ಯಾರೂ ಏನೂ ಹೇಳುವುದಿಲ್ಲ, ಅಭ್ಯಾಸ ಹಾಗೇ ಉಳಿಯುತ್ತದೆ. ಹಾಗಾಗಿ ತಿದ್ದಿ ಅಂತ ನೀವೇ ಕೇಳಬೇಕು. ‘ಹೆನ್ ನ ತೊಕೊರೊ ಗ ಅತ್ತರ ಒಶಿಎತೆ ಕುದಸಯ್’, ವಿಚಿತ್ರ ಅನಿಸಿದ್ದು ಇದ್ದರೆ ಹೇಳಿಕೊಡಿ ಅಂತ. ಎಲ್ಲರನ್ನೂ ಕೇಳಬೇಡಿ. ದಿನಾ ಜೊತೆಗಿರುವ ಒಬ್ಬರನ್ನು ಆರಿಸಿ, ಊಟದ ಹೊತ್ತಲ್ಲಿ ಕೇಳಿ. ವಯಸ್ಸಾದವರು ಇದಕ್ಕೆ ಒಳ್ಳೆಯವರು. ವೃದ್ಧಾಶ್ರಮಕ್ಕೆ ಹೋದ ನನ್ನ ವಿದ್ಯಾರ್ಥಿನಿಯರು ಹೇಳುತ್ತಾರೆ, ಅಲ್ಲಿನ ಅಜ್ಜಿಯಂದಿರು ಒಂದೇ ಪದವನ್ನು ಸರಿಯಾಗುವವರೆಗೆ ಬಿಡದೆ ಹೇಳಿಸುತ್ತಾರಂತೆ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಬಿಟ್ಟುಕೊಡಬೇಡಿ. ‘ಒಬಸನ್’ ಅಂದರೆ ಚಿಕ್ಕಮ್ಮ, ಅತ್ತೆ ವಯಸ್ಸಿನ ಹೆಂಗಸು, ‘ಒಬಾಸನ್’ ಅಂದರೆ ಅಜ್ಜಿ. ಇಂಗ್ಲಿಷ್ ಮಾತಾಡುವವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಹ್ರಸ್ವ, ದೀರ್ಘ, ಒತ್ತಕ್ಷರ ಚಿಕ್ಕಂದಿನಿಂದಲೇ ಗೊತ್ತು. ಕ್ರಿಯಾಪದ ಕೊನೆಗೆ ಬರುವುದೂ ನಮ್ಮ ಹಾಗೆಯೇ. ನೋಟ್ಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯದೆ ಕನ್ನಡದಲ್ಲಿ ಬರೆದುಕೊಳ್ಳಿ. ಉಚ್ಚಾರಣೆ ಸರಿಯಿದ್ದರೆ ಎದುರಿನವರ ಗಾಬರಿ ಬೇಗ ಇಳಿಯುತ್ತದೆ. ಟ, ಡ ಮಾತ್ರ ಬೇಡ, ತ, ದ ಬಳಸಿ.

ಭಾರತ ಅಂದ ಕೂಡಲೇ ಬರುವ ಪ್ರಶ್ನೆಗಳು ಗೊತ್ತಿರಲಿ. ದಿನಾ ಕರಿ ತಿನ್ನುತ್ತೀರಾ? ಎರಡಂಕಿಯ ಮಗ್ಗಿ ಬರುತ್ತದಾ? ಇವಕ್ಕೆ ಬೇಸರದ ಉತ್ತರ ಕೊಡುವ ಬದಲು ಊರಿನ ವಿಷಯ ತಯಾರಿಟ್ಟುಕೊಳ್ಳಿ. ಬೆಂಗಳೂರು ಕೆಲವರಿಗೆ ಗೊತ್ತು, ಮಂಗಳೂರು ಗೊತ್ತಿರುವುದು ಕಡಿಮೆ. ‘ಉಮಿ ನೊ ಮಚಿ ದೆಸ್’ ಅನ್ನಿ, ಸಮುದ್ರದ ಊರು ಅಂತ. ಅಲ್ಲಿ ‘ಸಬ’ ಅನ್ನುವ ಮೀನು ನಮ್ಮ ಬಂಗುಡೆಯ ಜಾತಿಗೆ ಹತ್ತಿರ, ‘ಇವಶಿ’ ನಮ್ಮ ಬೂತಾಯಿಗೆ. ಇವನ್ನೇ ಅನ್ನದ ಜೊತೆ ತಿನ್ನುತ್ತೇವೆ ಅಂತ ಹೇಳಿ ನೋಡಿ. ಮೀನು, ಅನ್ನ ಅಂದರೆ ಅವರಿಗೆ ಮನೆಯ ಮಾತು. ಹೇಗೆ ಮಾಡುತ್ತೀರಿ, ಖಾರವಾ ಅಂತ ಕೇಳತೊಡಗುತ್ತಾರೆ. ಆ ಉತ್ತರಕ್ಕೆ ಬೇಕಾದ ಹುಣಸೆ, ತೆಂಗಿನಕಾಯಿ, ಮೆಣಸು, ಈ ಪದಗಳನ್ನು ಇಲ್ಲಿಂದಲೇ ಕಲಿತು ಹೋಗಿ.

ನಿಮ್ಮ ಭಾಷೆ ಮುಂದೆ ಹೋಗಿದೆ ಅಂತ ತಿಳಿಯುವುದು ಹೇಗೆ? ಜೋಜು ಕಡಿಮೆಯಾಗುತ್ತದೆ. ಎಷ್ಟು ವರ್ಷ ಆಯಿತು ಬಂದು ಅಂತ ಕೇಳುತ್ತಾರೆ. ನಿಮಗಾಗಿ ವೇಗ ತಗ್ಗಿಸುವುದನ್ನು ಮರೆಯುತ್ತಾರೆ. ಮ್ಯಾನೇಜರ್ ಬಗ್ಗೆ ನಿಮ್ಮ ಹತ್ತಿರ ದೂರು ಹೇಳುತ್ತಾರೆ. ಹಾಗೆ ದೂರು ಕೇಳಿಸಿಕೊಳ್ಳುವಾಗ ನಡುನಡುವೆ ‘ಹಯ್’, ‘ಸೋ ದೆಸ್ ನೆ’ ಅನ್ನುತ್ತಿರಿ, ಹೌದು, ಹೌದಲ್ವಾ ಅಂತ. ಸುಮ್ಮನೆ ಕೂತರೆ ನಿಮಗೆ ಅರ್ಥವಾಗುತ್ತಿಲ್ಲ ಅಂದುಕೊಂಡು ನಿಲ್ಲಿಸಿಬಿಡುತ್ತಾರೆ.

ಹೊರಡುವ ಮೊದಲು ನಿಮ್ಮ ಹೆಸರನ್ನು ಕಾತಕಾನದಲ್ಲಿ, ಅಂದರೆ ಅವರು ಹೊರಗಿನ ಹೆಸರು ಬರೆಯುವ ಲಿಪಿಯಲ್ಲಿ ಬರೆದು ಗಟ್ಟಿಯಾಗಿ ಓದಿ. ಲಕ್ಷ್ಮಿ ಅಲ್ಲಿ ‘ರಕುಶುಮಿ’ ಆಗುತ್ತದೆ. ಉದ್ದದ ಹೆಸರಾದರೆ ಅವರು ತಪ್ಪು ಹೇಳುವ ಭಯಕ್ಕೆ ಕರೆಯುವುದನ್ನೇ ಬಿಡುತ್ತಾರೆ. ಎರಡು ಮೂರು ಅಕ್ಷರದ ಹೆಸರು ಆರಿಸಿಕೊಂಡು, ‘ತೊ ಯೊಂದೆ ಕುದಸಯ್’, ಹೀಗೆ ಕರೆಯಿರಿ ಅಂತ ಮೊದಲ ದಿನವೇ ಹೇಳಿ. ಆ ಹೆಸರಿಗೆ ‘ಸನ್’ ನೀವೇ ಸೇರಿಸಬೇಡಿ, ಅದು ನಮ್ಮ ‘ಅವರೇ’ ಹಾಗೆ ಗೌರವಕ್ಕೆ ಅವರು ಸೇರಿಸುವುದು.