ಹಳೇ ಬೆಂಜೋ, ಹೊಸ ಬೆಂಜೋ: ಬಾಳಿಕೆ ಹೋಲಿಸಿ ನೋಡುವುದು ಹೇಗೆ?

ಎಂಟು–ಹತ್ತು ವರ್ಷ ಓಡಿದ ಬೆಂಜ್, ಬಿಎಂಡಬ್ಲ್ಯು ಈಗ ಹೊಸ ಹ್ಯಾಚ್‌ಬ್ಯಾಕ್‌ನ ಬೆಲೆಗೇ ಸಿಗುತ್ತದೆ. ಕೊಳ್ಳಲು ಹೊರಟವರು ನೋಡುವುದು ಬಣ್ಣ, ಮೀಟರ್, ಸನ್‌ರೂಫ್. ಬಾಳಿಕೆಯ ಮಾತು ಬಂದರೆ "ಹಳೇದು ಗಟ್ಟಿ, ಹೊಸದೆಲ್ಲ ಪ್ಲಾಸ್ಟಿಕ್ಕು" ಎನ್ನುವವರು ಒಂದು ಕಡೆ, "ಹೊಸದಾದರೆ ತಲೆನೋವಿಲ್ಲ" ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತನ್ನೂ ನಂಬಿ ದುಡ್ಡು ಸುರಿದವರನ್ನು ಬೇಕಾದಷ್ಟು ನೋಡಿದ್ದೇನೆ. ಗಾಡಿ ಎಷ್ಟು ಸಲ ಕೆಡುತ್ತದೆ ಎಂದಷ್ಟೇ ಲೆಕ್ಕ ಹಾಕಿದರೆ ಸಾಲದು. ಹೇಗೆ ಕೆಡುತ್ತದೆ, ಕೆಟ್ಟಾಗ ಯಾರು ರಿಪೇರಿ ಮಾಡಬಲ್ಲರು, ಎಷ್ಟು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ ಎಂಬುದನ್ನು ಹೋಲಿಸಬೇಕು.

ಮೊದಲ ಹೆಜ್ಜೆ: ಹೆಸರು ಬಿಡಿ, ತಲೆಮಾರು ಹೇಳುವ ಕೋಡ್ ಹಿಡಿಯಿರಿ. "ಬೆಂಜ್ ಇ–ಕ್ಲಾಸ್ ಹೇಗೆ?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾದ ಡಬ್ಲ್ಯು124, ಆಮೇಲಿನ ಡಬ್ಲ್ಯು210, ಡಬ್ಲ್ಯು211, ಡಬ್ಲ್ಯು212, 2017ರಲ್ಲಿ ಬಂದ ಉದ್ದನೆಯ ವಿ213 – ಇವೆಲ್ಲ ಬೇರೆ ಬೇರೆ ಕಾರುಗಳು. ಡಬ್ಲ್ಯು124ರ ಡೀಸೆಲ್ ಎಂಜಿನ್ ಕಾಮನ್ ರೈಲ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಗೂ ಮುಂಚಿನದು, ಆಯಸ್ಸು ದೊಡ್ಡದು. ಹಾಗಂತ ಅದನ್ನು ಪೂಜಿಸಬೇಕಿಲ್ಲ. 1990ರ ದಶಕದ ಮೊದಲರ್ಧದ ಬೆಂಜ್‌ಗಳಲ್ಲಿ ಎಂಜಿನ್ ವೈರಿಂಗ್‌ನ ಹೊದಿಕೆ ಬಿಸಿಗೆ ಒಣಗಿ ಪುಡಿಪುಡಿಯಾಗುತ್ತಿತ್ತು. ಡಬ್ಲ್ಯು210ಕ್ಕೆ ತುಕ್ಕು ಹಿಡಿಯುವ ಕೆಟ್ಟ ಹೆಸರಿದೆ. ಡಬ್ಲ್ಯು211ರಲ್ಲಿ ಕಂಪನಿ ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ಹಾಕಿ, ಎರಡು ಬಾರಿ ಕಾರುಗಳನ್ನು ವಾಪಸ್ ಕರೆಸಿ, 2006ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟಿತು. ಎಸ್‌ಬಿಸಿ ಇರುವ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಬಿಎಂಡಬ್ಲ್ಯು ಡೀಸೆಲ್ ನೋಡುತ್ತಿದ್ದರೆ ಎನ್47 ಎಂಜಿನ್ ಹೌದೋ ಅಲ್ಲವೋ ಕೇಳಿ. 2007ರಿಂದ 2011ರವರೆಗಿನ ಆ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸವೆಯುತ್ತದೆ. ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆ. ಹಾಗಾಗಿ ಚೈನ್‌ನ ಬೆಲೆಗಿಂತ ಅದನ್ನು ತಲುಪುವ ಕೂಲಿಯೇ ದೊಡ್ಡದು.

ಎರಡನೆಯದು: ಒಂದೇ ವಯಸ್ಸಿನಲ್ಲಿ ಹೋಲಿಸಿ. ಇವತ್ತಿಗೂ ರಸ್ತೆಯಲ್ಲಿರುವ ಡಬ್ಲ್ಯು124 ಯಾರೋ ಮಗುವಿನಂತೆ ನೋಡಿಕೊಂಡ ಗಾಡಿ. ಅದರ ಜೊತೆಯಲ್ಲೇ ಹುಟ್ಟಿ ಕೆಟ್ಟುಹೋದವು ಎಂದೋ ಗುಜರಿ ಸೇರಿವೆ. ಉಳಿದುಕೊಂಡದ್ದನ್ನು ತೋರಿಸಿ "ಆಗಿನ ಕಾರೇ ಕಾರು" ಅನ್ನುವುದು ಅರ್ಧ ಸತ್ಯ. ಹೊಸ ಕಾರುಗಳ ಪರ ತೋರಿಸುವ ರ‍್ಯಾಂಕಿಂಗ್‌ಗಳ ಕಥೆಯೂ ಅಷ್ಟೇ. ಅಮೆರಿಕದ ಜೆ.ಡಿ. ಪವರ್‌ನ ಬಾಳಿಕೆ ಸಮೀಕ್ಷೆ ನಡೆಯುವುದು ಮೂರು ವರ್ಷದ ಕಾರುಗಳ ಮೇಲೆ. ಅಲ್ಲಿ ಬರುವ ದೂರುಗಳಲ್ಲಿ ದೊಡ್ಡ ಪಾಲು ಟಚ್‌ಸ್ಕ್ರೀನ್, ಫೋನ್ ಜೋಡಣೆಯದು. ಹತ್ತನೇ ವರ್ಷದಲ್ಲಿ ಗೇರ್‌ಬಾಕ್ಸ್ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಜರ್ಮನಿಯ ಟ್ಯೂಫ್ ವರದಿ ಹಳೆಯ ಕಾರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅದು ಬ್ರೇಕು, ದೀಪ, ಸಸ್ಪೆನ್ಷನ್, ಹೊಗೆಯ ಸುರಕ್ಷತಾ ತಪಾಸಣೆ, ನಿಮ್ಮ ಜೇಬಿನ ಲೆಕ್ಕವಲ್ಲ.

ಮೂರನೆಯದು: ವಯಸ್ಸಿಗೆ ಹಾಳಾಗುವುದು ಬೇರೆ, ಓಟಕ್ಕೆ ಸವೆಯುವುದು ಬೇರೆ. ರಬ್ಬರ್ ಬುಷ್, ಹೋಸ್, ಏರ್ ಸಸ್ಪೆನ್ಷನ್‌ನ ಗಾಳಿಚೀಲ, ಪ್ಲಾಸ್ಟಿಕ್ ಕೂಲೆಂಟ್ ಪೈಪ್ – ಇವು ಗಾಡಿ ನಿಂತಲ್ಲೇ ನಿಂತಿದ್ದರೂ ಮುದಿಯಾಗುತ್ತವೆ. "ಹನ್ನೆರಡು ವರ್ಷ, ಬರೀ ಮೂವತ್ತು ಸಾವಿರ ಓಡಿದೆ" ಎಂದರೆ ಹಿಗ್ಗಬೇಡಿ. ಅದಕ್ಕಿಂತ ಹೈವೇಯಲ್ಲಿ ಲಕ್ಷ ಓಡಿ, ಸರಿಯಾಗಿ ಸರ್ವಿಸ್ ಆಗಿರುವ ಗಾಡಿಯೇ ನನಗಿಷ್ಟ.

ನಾಲ್ಕನೆಯದು: ಸ್ಕ್ಯಾನ್, ಅಂದರೆ ಕಾರಿನ ಕಂಪ್ಯೂಟರ್‌ಗಳಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಓದಿಸುವುದು. ಎಲ್ಲರೂ ಎಡವುವುದು ಇಲ್ಲೇ. ಇನ್ನೂರು–ಮುನ್ನೂರು ರೂಪಾಯಿಯ ನೀಲಿ ಡಾಂಗಲ್ ಸಿಕ್ಕಿಸಿ, ಮೊಬೈಲ್‌ನಲ್ಲಿ "ದೋಷವಿಲ್ಲ" ಎಂದು ಬಂದ ಕೂಡಲೇ ಮುಂಗಡ ಕೊಡುತ್ತಾರೆ. ಆ ಡಾಂಗಲ್ ಓದುವುದು ಹೆಚ್ಚೆಂದರೆ ಎಂಜಿನ್‌ನ ಹೊಗೆಗೆ ಸಂಬಂಧಿಸಿದ ಕೋಡ್‌ಗಳನ್ನು. ಹೊಸ ಐಷಾರಾಮಿ ಕಾರಿನಲ್ಲಿ ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್, ಸೀಟು, ಬಾಗಿಲು ಎಲ್ಲಕ್ಕೂ ಬೇರೆ ಬೇರೆ ಕಂಟ್ರೋಲ್ ಯೂನಿಟ್, ಅಂದರೆ ಪುಟ್ಟ ಕಂಪ್ಯೂಟರ್ ಇರುತ್ತದೆ. ಆಯಾ ಕಂಪನಿಯದೇ ಸ್ಕ್ಯಾನ್ ಸಾಫ್ಟ್‌ವೇರ್ – ಬೆಂಜ್‌ಗೆ ಕ್ಸೆಂಟ್ರಿ (Xentry), ಬಿಎಂಡಬ್ಲ್ಯುಗೆ ಇಸ್ಟಾ (ISTA) – ಇರುವ ಗ್ಯಾರೇಜಿಗೇ ಹೋಗಿ ಪೂರ್ತಿ ಸ್ಕ್ಯಾನ್ ಮಾಡಿಸಿ.

ಹೋಗುವ ಮುಂಚೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವರು ಗಾಡಿಯನ್ನು ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಎಂದರ್ಥ. ನಾಳೆ ಬೆಳಿಗ್ಗೆ ಬರುತ್ತೇನೆ ಎನ್ನಿ. ತಣ್ಣಗಿದ್ದಾಗ ಮೊದಲ ಕೆಲವು ಸೆಕೆಂಡಿನಲ್ಲಿ ಬರುವ ಚೈನ್‌ನ ಗಡಗಡ ಸದ್ದು ಬಿಸಿಯಾದ ಮೇಲೆ ಅಡಗಿಬಿಡುತ್ತದೆ.

ಸ್ಕ್ಯಾನರ್ ಹಾಕಿದ ಮೇಲೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡಬೇಕು. ಬ್ಯಾಟರಿ ಸೊರಗಿದ್ದರೆ ಹತ್ತಾರು ಯೂನಿಟ್‌ಗಳು ಒಟ್ಟಿಗೇ ದೂರು ಹೇಳುತ್ತವೆ. ಅದನ್ನು ಕಂಡು ಒಳ್ಳೆಯ ಗಾಡಿ ಬಿಟ್ಟು ಬಂದವರಿದ್ದಾರೆ. ಚಾರ್ಜರ್ ಸಿಕ್ಕಿಸಿಯೇ ಸ್ಕ್ಯಾನ್ ಮಾಡಲು ಹೇಳಿ. ಆಮೇಲೆ ಈಗಲೂ ಇರುವ ದೋಷ, ಹಿಂದೆಂದೋ ಬಂದು ಹೋದ ದೋಷ ಎರಡನ್ನೂ ಬೇರ್ಪಡಿಸಿ. ಬೆಂಜ್ ವರದಿಯಲ್ಲಿ ಅನೇಕ ಕೋಡ್‌ಗಳ ಪಕ್ಕ ಅದು ಮೊದಲು ಎಷ್ಟನೇ ಕಿಲೋಮೀಟರ್‌ಗೆ ಕಾಣಿಸಿತು, ಕೊನೆಗೆ ಯಾವಾಗ ಎಂದಿರುತ್ತದೆ. ಮೀಟರ್ 62,000 ತೋರಿಸುತ್ತಿದ್ದು, ಗೇರ್‌ಬಾಕ್ಸ್ ಕೋಡ್ 1,10,000ದಲ್ಲಿ ದಾಖಲಾಗಿದ್ದರೆ ಮೀಟರ್ ತಿರುಗಿಸಿದ್ದಾರೆ. ಅಲ್ಲಿಗೆ ಎದ್ದು ಬನ್ನಿ.

ವರದಿ ಪೂರ್ತಿ ಖಾಲಿ ಇದ್ದರೆ ಇನ್ನಷ್ಟು ಅನುಮಾನಿಸಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಲೈವ್ ಡೇಟಾದಲ್ಲಿರುತ್ತದೆ. ಅದು 14 ಎಂದಿದ್ದರೆ ನಿನ್ನೆಯೋ ಇವತ್ತೋ ಅಳಿಸಿದ್ದಾರೆ. "ಬ್ಯಾಟರಿ ಬದಲಾಯಿಸಿದ್ವಿ ಸಾರ್, ಅದಕ್ಕೇ ಹಂಗೆ" ಎಂಬ ಉತ್ತರ ಬಂದೇ ಬರುತ್ತದೆ. ಇರಬಹುದು. ಹಾಗಾದರೆ ನೂರು ಕಿಲೋಮೀಟರ್ ಓಡಿಸಿ ಮತ್ತೆ ಸ್ಕ್ಯಾನ್ ಮಾಡೋಣ ಎನ್ನಿ. ಒಪ್ಪದಿದ್ದರೆ ಆ ಗಾಡಿ ಬೇಡ.

ಡೀಸೆಲ್ ಆದರೆ ಇನ್ನೆರಡು ಅಂಕಿ ಕೇಳಿ ಪಡೆಯಿರಿ. ಒಂದು, ಐಡ್ಲಿಂಗ್‌ನಲ್ಲಿ ಪ್ರತಿ ಸಿಲಿಂಡರ್‌ನ ಇಂಜೆಕ್ಟರ್ ತಿದ್ದುಪಡಿ, ಅಂದರೆ ಎಂಜಿನ್ ಸಮವಾಗಿ ಓಡಲು ಕಂಪ್ಯೂಟರ್ ಎಷ್ಟು ಡೀಸೆಲ್ ಹೆಚ್ಚು–ಕಡಿಮೆ ಮಾಡುತ್ತಿದೆ ಎಂಬುದು. ನಾಲ್ಕರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ದೂರ ಹೋಗಿದ್ದರೆ ಆ ಇಂಜೆಕ್ಟರ್ ಮೇಲೆ ಕಣ್ಣಿಡಿ. ಇನ್ನೊಂದು, ಹೊಗೆಯ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ತುಂಬಿರುವ ಮಸಿ ಮತ್ತು ಬೂದಿಯ ಪ್ರಮಾಣ. ಮಸಿ ಉರಿದು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ತೆವಳುವ ಕಾರಿಗೆ ಮಸಿ ಉರಿಸುವಷ್ಟು ಬಿಸಿಯೂ ಸಿಗದು. ಊರೊಳಗೇ ಓಡಿಸುವವರು ಹೊಸ ಕಾಲದ ಡೀಸೆಲ್ ಕೊಳ್ಳಲೇಬೇಡಿ. "ಡಿಪಿಎಫ್ ಕಿತ್ತು ಸಾಫ್ಟ್‌ವೇರ್ ಹಾಕಿಕೊಡ್ತೀವಿ" ಎನ್ನುವವರ ಹತ್ತಿರ ಸುಳಿಯಬೇಡಿ. ಕಾನೂನಿಗೂ ವಿರುದ್ಧ, ಗಾಳಿಗೂ ವಿಷ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಡಬ್ಬಿಗಳಿಂದ ಬೂದಿ ಕರಗುವುದಿಲ್ಲ.

ಐದನೆಯದು: ರಿಪೇರಿಯ ದಾರಿ ಹೋಲಿಸಿ. ನಿಮ್ಮ ಪಟ್ಟಿಯ ಎರಡೂ ಕಾರುಗಳಲ್ಲಿ ಒಂದೇ ಭಾಗ ಕೆಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಡಬ್ಲ್ಯು124ರ ಗೇರ್‌ಬಾಕ್ಸ್ ಜಾರಲು ಶುರುವಾದರೆ ಮೊದಲೇ ಸೂಚನೆ ಕೊಡುತ್ತದೆ, ಬಿಚ್ಚಿ ಒಳಗಿನದನ್ನು ಬದಲಿಸಬಹುದು. ಡಬ್ಲ್ಯು212ರ ಏಳು ಗೇರ್‌ನ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಯೂನಿಟ್ ಕೈಕೊಟ್ಟರೆ ನಡುರಸ್ತೆಯಲ್ಲಿ ಒಂದೇ ಗೇರ್‌ಗೆ ಅಂಟಿಕೊಳ್ಳಬಹುದು. ಹೊಸ ಯೂನಿಟ್ ತಂದರೂ ಆ ಕಾರಿಗೆಂದೇ ಕೋಡಿಂಗ್ ಮಾಡಿಸಬೇಕು, ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕ ಹಳೆಯದನ್ನು ಸಿಕ್ಕಿಸಿದರೆ ಓಡುವುದಿಲ್ಲ. ಬಿಡಿಭಾಗ ಕೊಳ್ಳುವಾಗ ಬಾಷ್, ಲೆಮ್‌ಫೋರ್ಡರ್, ಸ್ಯಾಕ್ಸ್, ಮಾನ್ ಹೆಸರಿನವನ್ನೇ ಕೇಳಿ, ಅದೇ ತಯಾರಕರು ಕಂಪನಿಗೂ ಭಾಗ ಕೊಟ್ಟವರು. ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್ ಹೆಸರಿಲ್ಲದ್ದಾದರೆ ನಮ್ಮ ಗುಂಡಿಗಳಿಗೆ ಬಾಳುವುದಿಲ್ಲ. ಗೇರ್ ಆಯಿಲ್ "ಜೀವಮಾನಕ್ಕೆ ಸಾಕು" ಎಂಬ ಮಾತನ್ನು ಮರೆತುಬಿಡಿ. ಅರವತ್ತು–ಎಪ್ಪತ್ತು ಸಾವಿರಕ್ಕೊಮ್ಮೆ ಬದಲಿಸಿ, ಅದೂ ಕಂಪನಿ ಹೇಳಿದ ದರ್ಜೆಯದನ್ನೇ.

ಕಾಗದಪತ್ರ: 15 ವರ್ಷ ತುಂಬಿದ ಗಾಡಿಗೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದ ಮೇಲೆ ಅಗ್ಗಕ್ಕೆ ಈ ಕಡೆ ಬಂದ ಕಾರುಗಳಿಗೆ ಇಲ್ಲಿನ ತೆರಿಗೆ ಕಟ್ಟಿದೆಯೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ನೀರಲ್ಲಿ ಮುಳುಗಿದ ಕಾರುಗಳು ಈಗಲೂ ಕೈ ಬದಲಾಗುತ್ತಿರಬಹುದು. ವಿಮೆಯ ಕ್ಲೇಮ್ ಇತಿಹಾಸ ತೆಗೆಸಿ, ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿ.

ದಿನಾ ಓಡಿಸಲು, ಹತ್ತು ವರ್ಷ ಇಟ್ಟುಕೊಳ್ಳಲು ಯಾವುದು ಎಂದು ನನ್ನನ್ನು ಕೇಳಿದರೆ ಜರ್ಮನ್ ಪಟ್ಟಿಯಿಂದ ಆಚೆಗೆ ಬನ್ನಿ ಎನ್ನುತ್ತೇನೆ. ಬಿಡದಿಯಲ್ಲಿ 2013ರಿಂದ ತಯಾರಾದ ಕ್ಯಾಮ್ರಿ ಹೈಬ್ರಿಡ್, 2020ರಿಂದ ಅಲ್ಲೇ ಜೋಡಣೆಯಾದ ಲೆಕ್ಸಸ್ ಇಎಸ್ 300ಎಚ್ ನೋಡಿ. ಅವುಗಳಲ್ಲಿ ಟರ್ಬೊ ಇಲ್ಲ, ಡಿಪಿಎಫ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್, ಆಲ್ಟರ್ನೇಟರ್ ಕೂಡ ಇಲ್ಲ. ಹೈಬ್ರಿಡ್ ಬ್ಯಾಟರಿಯ ಆರೋಗ್ಯದ ವರದಿ ಪಡೆದು, ಹಿಂದಿನ ಸೀಟಿನ ಹತ್ತಿರದ ಗಾಳಿ ಹೀರುವ ಜಾಲರಿಯಲ್ಲಿ ಧೂಳು ಕಟ್ಟಿಲ್ಲವೇ ಎಂದು ನೋಡಿ ತೆಗೆದುಕೊಳ್ಳಿ. ಡಬ್ಲ್ಯು124 ಮೇಲೆ ಮನಸ್ಸಿದ್ದರೆ ಖಂಡಿತ ಕೊಳ್ಳಿ, ಆದರೆ ಮನೆಯಲ್ಲಿ ಇನ್ನೊಂದು ಕಾರು ಇರಲಿ, ವೈರಿಂಗ್ ಬದಲಾಗಿರುವ ಬಿಲ್ ಮಾಲೀಕರ ಕೈಯಲ್ಲಿರಲಿ.