ಅಂಗಳದ ಅಡಿಕೆಗೆ ಎರಡು ದಿನದ ಹವಾಮಾನ: ನನ್ನ ಅನುಭವ

ಕಳೆದ ನವೆಂಬರ್, ಡಿಸೆಂಬರಿನಲ್ಲಿ ನಾನು ಹೇಳಿದ ಹವಾಮಾನ ಹತ್ತರಲ್ಲಿ ಎಂಟು ಸಲವಾದರೂ ಸರಿಬಂತು. ಸುಳ್ಯದ ಈ ಕಡೆ, ಪಯಸ್ವಿನಿ ಹೊಳೆಯ ಬದಿಯ ನಾಲ್ಕಾರು ಮನೆಯವರು ಈಗ ಒಣಗಿಸಲು ಅಡಿಕೆ ಹರಡುವ ಮೊದಲು ನನಗೆ ಫೋನ್ ಮಾಡುತ್ತಾರೆ. "ಮೊಬೈಲಿನಲ್ಲಿ ಎಲ್ಲ ಬರುತ್ತದೆ, ನೀವು ಆಕಾಶ ನೋಡಿ ಕೂರುವುದು ಯಾಕೆ ಭಾವ?" ಎಂದು ಕೇಳಿದವರೂ ಅವರಲ್ಲಿದ್ದಾರೆ.

ಜಿಲ್ಲೆಗೆಂದು ಬರುವ "ಅಲ್ಲಲ್ಲಿ ಸಾಧಾರಣ ಮಳೆ" ನನ್ನ ಅಂಗಳಕ್ಕೆ ಸಾಲುವುದಿಲ್ಲ. ಪಣಂಬೂರಿನ ಕಡಲತೀರವೇ ಬೇರೆ, ಸಂಪಾಜೆಯ ತಪ್ಪಲೇ ಬೇರೆ. ಅರ್ಧ ಒಣಗಿದ ಅಡಿಕೆ ಒಂದು ಸಂಜೆ ಚೆನ್ನಾಗಿ ನೆನೆದರೆ ಬೂಸ್ಟು ಹಿಡಿದು ಕರಿಗೋಟು, ಅಂದರೆ ಕಪ್ಪಾದ ಕೀಳುದರ್ಜೆಯ ಅಡಿಕೆ, ಆಗುತ್ತದೆ. ಒಂದು ವರ್ಷ ಹೀಗೆ ಸುಮಾರು 3 ಕ್ವಿಂಟಾಲ್ ಹೋಯಿತು. ಚಾಲಿಗೆ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆಗೆ, ಕಿಲೋಗೆ 400ರ ಮೇಲಿದ್ದ ಕಾಲ; ಕೈಗೆ ಬಂದದ್ದು ಅದರ ಅರ್ಧ. 60 ಸಾವಿರವಾದರೂ ನಷ್ಟ.

ಮೊದಲು ಉಪಕರಣಗಳಿಗೆ ದುಡ್ಡು ಸುರಿದೆ. ತೇವಾಂಶ ತೋರಿಸುವ ಡಿಜಿಟಲ್ ಯಂತ್ರ ಜೂನ್ ಬಂದದ್ದೇ 99ರಲ್ಲಿ ನಿಂತಿತು, ಮತ್ತೆ ಇಳಿಯಲೇ ಇಲ್ಲ. ವಾಯುಭಾರ ಮಾಪಕಕ್ಕೆ 4 ಸಾವಿರ ಚಿಲ್ಲರೆ. ನಮ್ಮಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿದ್ದು ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ. ಅದನ್ನು ಮಳೆಯ ಸೂಚನೆಯೆಂದು ಹಿಡಿದರೆ ದಿನವೂ ಟಾರ್ಪಾಲು ಎಳೆಯಬೇಕು. ಈಗ ಹತ್ತು ಗಂಟೆಯ ಅಂಕಿಯನ್ನು ನಿನ್ನೆಯ ಹತ್ತು ಗಂಟೆಯದರ ಜೊತೆ ಮಾತ್ರ ಹೋಲಿಸುತ್ತೇನೆ.

ಕೊನೆಗೆ ಕೈಹಿಡಿದದ್ದು ಮಂಜು. ಬೆಳಿಗ್ಗೆ ಆರೂವರೆಗೆ ಹೊಳೆಯಿಂದ ಎದ್ದ ಮಂಜು ಅಡಿಕೆಮರದ ಅರ್ಧಕ್ಕೇ ನಿಂತು, ಮೇಲೆ ಸೋಗೆ ಸ್ಪಷ್ಟವಾಗಿ ಕಂಡರೆ ಒಂಬತ್ತಕ್ಕೆಲ್ಲ ಖಡಕ್ ಬಿಸಿಲು, ಧೈರ್ಯವಾಗಿ ಹರಡಬಹುದು. ಮಂಜು ಗುಡ್ಡದ ನೆತ್ತಿಯವರೆಗೆ ಏರಿದ್ದರೆ ಹತ್ತೂವರೆಯ ತನಕ ಬಿಸಿಲನ್ನು ನೆಚ್ಚಬೇಡಿ. ಮಂಜೇ ಇಲ್ಲದೆ ರಾತ್ರಿ ಸೆಕೆಯಾಗಿತ್ತೆಂದರೆ ಮೇಲೆ ಮೋಡವಿತ್ತೆಂದೇ ಲೆಕ್ಕ. ಅಂಥ ದಿನ ಹಣ್ಣಡಿಕೆಯನ್ನು ಮಾತ್ರ ಹೊರಗಿಡುತ್ತೇನೆ, ಒಣಗುತ್ತಾ ಬಂದದ್ದು ಸೋಲಾರ್ ಗುಡಾರದೊಳಗೇ ಇರುತ್ತದೆ.

ಎರಡನೆಯದು ಮಧ್ಯಾಹ್ನದ ಮೋಡದ ನಡೆ. ನೆಲಮಟ್ಟದ ಗಾಳಿ ಮೋಸ ಮಾಡುತ್ತದೆ. ಕಡಲ ಗಾಳಿ ಬೀಸುತ್ತಿದ್ದರೂ ಎತ್ತರದ ಮೋಡ ಘಟ್ಟದ ಕಡೆಯಿಂದ ಪಡುವಣಕ್ಕೆ ಸಾಗುತ್ತಿದ್ದರೆ ಮೂರು ಗಂಟೆ ಹೊಡೆಯುವುದರೊಳಗೆ ಅಡಿಕೆ ರಾಶಿ ಮಾಡಿ ಮುಚ್ಚಬೇಕು. ತಮಿಳುನಾಡು ಕರಾವಳಿಯ ಬಳಿ ವಾಯುಭಾರ ಕುಸಿತವಿದ್ದರೆ ಉಪಗ್ರಹ ಚಿತ್ರವನ್ನು ದಿನಕ್ಕೆ ಮೂರು ಸಲ ನೋಡುತ್ತೇನೆ. ಮೂರನೆಯ ಲಕ್ಷಣವೊಂದಿದೆ, ಸಂಜೆ ಹೊತ್ತಿನದು. ಅದನ್ನು ಇನ್ನೆರಡು ವರ್ಷ ಪರೀಕ್ಷಿಸದೆ ಯಾರಿಗೂ ಹೇಳುವುದಿಲ್ಲ.

ನಡುವೆ ತಟ್ಟೆಯಲ್ಲಿ ಕಲ್ಲುಪ್ಪು ಇಟ್ಟೂ ನೋಡಿದೆ. ಮಳೆ ಬಂದಾಗಲೂ ನೀರೊಡೆಯಿತು, ಬಾರದಿದ್ದಾಗಲೂ ಒಡೆಯಿತು. ಇರುವೆ ಸಾಲಿನ ಲೆಕ್ಕವೂ ಹಾಗೆಯೇ.

ಈಗ ಕಳುಹಿಸುವ ಸಂದೇಶ ಇಷ್ಟೇ: "ನಾಳೆ ಒಂಬತ್ತರವರೆಗೆ ಮಂಜು, ಆಮೇಲೆ ಬಿಸಿಲು, ಹರಡಿ. ನಾಡಿದ್ದು ಮಧ್ಯಾಹ್ನದವರೆಗೆ ಬಿಸಿಲು, ಮೂರರ ಮೇಲೆ ಘಟ್ಟದ ಕಡೆಯಿಂದ ಮಳೆ, ಆಳು ಹೇಳಿಟ್ಟುಕೊಳ್ಳಿ." ಆಳಿಗೆ ದಿನಕ್ಕೆ 700 ಕೊಡುವಾಗ ಆ ಕೊನೆಯ ಮಾತಿಗೇ ಬೆಲೆ ಹೆಚ್ಚು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಈ ಕ್ರಮ ನಡೆಯುವುದಿಲ್ಲ. ಅದಕ್ಕೆ ಬೇರೆಯೇ ಪುಸ್ತಕ ಬರೆಯುತ್ತಿದ್ದೇನೆ.